ಕಾಂಟಾದ ಮೇಲೆ ನಾಲ್ಕು ಹೆಣ್ಣುಮಕ್ಕಳು

ಶಹಾಬಾದದಿಂದ ವಾಡಿಗೆ ಹೋಗುವ ದಾರಿಯಲ್ಲಿ ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಲಾರಿಗಳನ್ನು ತೂಗುವ ಒಂದು ಕಾಂಟಾ ಇದೆ. ಅದರ ಮಾಲಕಿ ರಾಜೇಶ್ವರಿಯ ಎದುರು ವಾದ ಮಾಡಿ ಗೆದ್ದ ಡ್ರೈವರ್ ಇನ್ನೂ ಹುಟ್ಟಿಲ್ಲ. ಗಂಡ ತೀರಿಕೊಂಡ ಮೇಲೆ ಹೆಂಗಸು ಕಾಂಟಾ ನಡೆಸುತ್ತಾಳಂತೆ ಎಂದು ಮೀಸೆಯಡಿ ನಕ್ಕವರೇ ಈಗ ಕಾಂಟಾ ಕೋಣೆಯ ಕಿಟಕಿಯ ಹತ್ತಿರ ಬಂದು, "ಅಕ್ಕಾರ, ಜರಾ ಲಗೂ ಮಾಡ್ರಿ" ಎಂದು ಕೈಮುಗಿಯುತ್ತಾರೆ. ತೂಕ ಒಂದಿಷ್ಟು ಕಡಿಮೆ ಬರೆಸಿಕೊಳ್ಳಲು ಬಂದವರು ಬೈಸಿಕೊಂಡು ಹೋಗಿದ್ದಾರೆ. ಇಂಥವಳಿಗೆ ಒಂದು ವಿಮಾನದ ಪ್ರವಾಸ ಗೊತ್ತುಮಾಡುವುದು ಯಾವ ಮಹಾ ಕೆಲಸ?

ಆದರೆ ಆಸೆ ಅವಳದಾಗಿರಲಿಲ್ಲ, ಅಕ್ಕ ಮಹಾದೇವಮ್ಮನದಾಗಿತ್ತು. ಚಿಮ್ಮನಚೋಡದಲ್ಲಿ ತಾಯಿ ಸತ್ತಾಗ ರಾಜೇಶ್ವರಿ ಇನ್ನೂ ಎತ್ತಿಕೊಳ್ಳುವ ಕೂಸು, ಮಹಾದೇವಮ್ಮ ಲಂಗ ಉಡುವ ಹುಡುಗಿ. ಆ ಹುಡುಗಿಯೇ ತಂಗಿ ತಮ್ಮಂದಿರಿಗೆ ರೊಟ್ಟಿ ಬಡಿದು ಹಾಕಿದಳು, ಶಾಲೆಗೆ ಕಳಿಸಿದಳು, ಒಬ್ಬೊಬ್ಬರದೇ ಮದುವೆ ಮಾಡಿದಳು. ತನ್ನ ಮದುವೆಯ ಮಾತು ಬಂದಾಗೆಲ್ಲ ಮುಂದಕ್ಕೆ ಹಾಕುತ್ತ ಹೋದಳು. ಎಲ್ಲರದೂ ಮುಗಿಯುವ ಹೊತ್ತಿಗೆ ಅವಳನ್ನು ಕೇಳಿಕೊಂಡು ಬರುವವರೇ ಇರಲಿಲ್ಲ. ಈಗ ತಂಗಿಯ ಮನೆಯಲ್ಲಿದ್ದಾಳೆ, ಇಲ್ಲಿಯೂ ಎಲ್ಲರದೂ ಊಟವಾದ ಮೇಲೆಯೇ ತಾಟು ಹಾಕಿಕೊಳ್ಳುತ್ತಾಳೆ.

ರಾಜೇಶ್ವರಿಯ ಮಗಳು ಭಾಗ್ಯಶ್ರೀ ಸೇಡಂನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಾಳೆ. ಒಂದು ಸಂಜೆ ಅವಳು ಫೋನಿನಲ್ಲಿ ಒಂದು ವಿಡಿಯೋ ತೋರಿಸಿದಳು. ಕಡಲ ನಡುವೆ ಒಂದು ದ್ವೀಪ. ಇಡೀ ದ್ವೀಪವೇ ವನ್ಯಧಾಮ. ರಾತ್ರಿ ದೊಡ್ಡ ಆಮೆಯೊಂದು ಏದುಸಿರು ಬಿಡುತ್ತ ದಂಡೆಗೆ ಹತ್ತಿ ಬಂತು. ಮರಳು ತೋಡಿ ಮೊಟ್ಟೆಯಿಟ್ಟು ಮುಚ್ಚಿ, ತಿರುಗಿಯೂ ನೋಡದೆ ನೀರಿಗಿಳಿದು ಹೋಯಿತು. ಮಹಾದೇವಮ್ಮ ಅದನ್ನು ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದಳು.

"ಯವ್ವಾ, ಬಿಟ್ಟು ಹೋಗೇಬಿಡ್ತು ನೋಡು! ಹಂಗೂ ಹೋಗಬಹುದಾ?" ಎಂದು ಬೆರಗಾದವಳು ಮೆಲ್ಲಗೆ, "ಇದನ್ನ ಒಮ್ಮೆ ಕಣ್ಣಾರೆ ನೋಡಬೇಕು ಅನಸ್ತದ ನನಗ" ಅಂದಳು.

ಅಕ್ಕನ ಬಾಯಲ್ಲಿ ತನಗೆ ಇಂಥದು ಬೇಕು ಎಂಬ ಮಾತನ್ನು ರಾಜೇಶ್ವರಿ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅವತ್ತೇ ಪ್ರವಾಸ ಪಕ್ಕಾ ಆಯಿತು.

ವಾಡಿಯಿಂದ ಹೈದರಾಬಾದಿಗೆ ರೈಲು, ಅಲ್ಲಿಂದ ಕಡಲ ದಂಡೆಯ ಊರಿಗೆ ದೊಡ್ಡ ವಿಮಾನ, ಆಮೇಲೆ ದ್ವೀಪಕ್ಕೆ ಚಿಕ್ಕ ವಿಮಾನ. ಕೂತು ಎಲೆಯಡಿಕೆ ಹಾಕಿಕೊಳ್ಳುವಷ್ಟರಲ್ಲಿ ಇಳಿಸಿಬಿಡುತ್ತದೆಯಂತೆ. ಪಕ್ಕದ ಅಂಗಡಿಯಲ್ಲಿ ಹೊಲಿಗೆ ಮಾಡುವ ಗೆಳತಿ ಹುಸ್ನಾಳೂ ಜೊತೆಗೆ ಹೊರಟು ನಾಲ್ವರಾದರು. ವನ್ಯಧಾಮದ ಪರವಾನಗಿ, ಉಳಿಯುವ ಕೋಣೆ, ಗೈಡು, ಎಲ್ಲವನ್ನೂ ರಾಜೇಶ್ವರಿ ಲಾರಿ ಸಾಲು ಹಚ್ಚಿದಂತೆ ಹಚ್ಚಿದಳು. ಅಷ್ಟರಲ್ಲಿ ಚಿಕ್ಕ ವಿಮಾನದ ಕಂಪನಿಯಿಂದ ಮೆಸೇಜು ಬಂತು: ನಿಮ್ಮ ಗುಂಪಿನವರದು, ಸಾಮಾನು ಸಹಿತ ಒಟ್ಟು ತೂಕ ತಿಳಿಸಿರಿ, ಇಂತಿಷ್ಟನ್ನು ಮೀರಿದರೆ ಒಂದೇ ಸಲಕ್ಕೆ ಒಯ್ಯಲಾಗದು.

ಮಹಾದೇವಮ್ಮನ ಮುಖ ಸಣ್ಣದಾಯಿತು. ಆಕೆ ಮೈಕೈ ತುಂಬಿದ ಹೆಂಗಸು. ಒಂದು ಸಲ ಯಾವುದೋ ದವಾಖಾನೆಯಲ್ಲಿ ತೂಕದ ಯಂತ್ರದ ಮೇಲೆ ನಿಂತಾಗ, ಅಲ್ಲಿದ್ದವನು ಅದನ್ನು ಕೂಗಿ ಹೇಳಿ, ಕೂತವರೆಲ್ಲ ನಕ್ಕಿದ್ದರು. ಆಮೇಲೆ ಆಕೆ ತಕ್ಕಡಿ ಕಂಡರೆ ದೂರ.

"ನನಗ ಆಮೆ ಫೋನಿನಾಗೇ ಸಾಕು. ನೀವ್ ಹೋಗಿ ಬರ್ರಿ" ಅಂದಳು.

"ದೊಡ್ಡವ್ವಂದು ಜರಾ ಕಮ್ಮಿ ಬರೀತೀನಿ ಬಿಡವ್ವಾ, ಯಾರ್ ನೋಡ್ತಾರ?" ಎಂದಳು ಭಾಗ್ಯಶ್ರೀ.

ರಾಜೇಶ್ವರಿಗೆ ನೆತ್ತಿಗೇರಿತು. "ಏನಂದಿ? ಕಾಂಟಾ ನಡೆಸೋಕಿ ನಾ, ಸುಳ್ಳು ತೂಕ ಬರೀಲಾ? ಅದೂ ಗಾಳಿಯಾಗ ಹಾರೋ ಗಾಡಿಗೆ? ಕಾಲೇಜಿನಾಗ ಇದನ್ನೇ ಕಲಸ್ತಿಯೇನು?" ರಾಜೇಶ್ವರಿ ಅಕ್ಕನ ಕಡೆ ತಿರುಗಿದಳು. "ಅಕ್ಕಾ, ಅವರು ಕೇಳಿದ್ದು ಗುಂಪಿನ ತೂಕ. ಒಬ್ಬೊಬ್ಬರದು ಯಾಕ ತೂಗಬೇಕು? ಎಲ್ಲರೂ ಕೂಡೇ ನನ್ನ ಕಾಂಟಾದ ಮ್ಯಾಲ ನಿಂದರೋಣು. ಯಾರದೆಷ್ಟು ಅಂತ ಯಾರಪ್ಪಗ ಗೊತ್ತಾಗ್ತದ?"

ಐತವಾರ ಮುಂಜಾನೆ ಲಾರಿಗಳು ಕಡಿಮೆ. ನಾಲ್ವರೂ ಬ್ಯಾಗುಗಳೊಂದಿಗೆ ಕಾಂಟಾ ಹತ್ತಿದರು. ಮೂವತ್ತು ಟನ್ನಿನ ಲಾರಿ ಹೊರುವ ಆ ಕಬ್ಬಿಣದ ಹಾಸಿನ ನಡುವೆ ಅವರು ಸಂತೆಗೆ ಬಂದು ದಾರಿ ತಪ್ಪಿದ ಕೋಳಿಗಳಂತೆ ಕಂಡರು.

"ಅರೆ ಅಲ್ಲಾ! ಇದಕ್ಕ ನಾವ್ ನಿಂತಿದ್ದಾದ್ರೂ ಗೊತ್ತಾಗ್ತದೇನು?" ಎಂದು ಹುಸ್ನಾ ನಕ್ಕಳು.

"ಗೊತ್ತಾಗ್ತದ. ಐದು ಕಿಲೋ ಅತ್ತಿತ್ತ ಆಗಬಹುದು, ಅದನ್ನ ನಾ ಜಾಸ್ತೀನೇ ಹಿಡೀತೀನಿ. ಅಲುಗಾಡಬ್ಯಾಡ್ರಿ" ಎಂದಳು ರಾಜೇಶ್ವರಿ.

ಅಷ್ಟರಲ್ಲಿ ಡ್ರೈವರ್ ಶರಣಕುಮಾರ ಪರ್ಸಿ ತುಂಬಿದ ಲಾರಿ ತಂದು ಹಿಂದೆ ನಿಲ್ಲಿಸಿ, ಹಾರ್ನು ಹೊಡೆದು, ಹೊರಗೆ ತಲೆ ಹಾಕಿದ. "ಅಕ್ಕಾರ, ಇದ್ಯಾವ ಮಾಲ್ರಿ ಇವತ್ತ?"

"ಬಾಯ್ ಮುಚ್ಕೊಂಡ್ ಕುಂದ್ರು. ನಿನ್ನ ಪಾಳಿ ಬಂದಾಗ ಕರೀತೀನಿ."

ಕಿಟಕಿಯ ಮೇಲಿನ ಫಲಕದಲ್ಲಿ ಕೆಂಪು ಅಂಕಿ ಮೂಡಿತು. ಕಂಪನಿ ಹೇಳಿದ್ದಕ್ಕಿಂತ ಹೆಚ್ಚಾಗಿತ್ತು. ಹುಸ್ನಾ ಕಟ್ಟಿಕೊಂಡಿದ್ದ ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಕೆಳಗಿಳಿಯಿತು. ಭಾಗ್ಯಶ್ರೀಯ ಪುಸ್ತಕದ ಚೀಲ ಇಳಿಯಿತು. ಕೊನೆಗೆ ಬ್ಯಾಗುಗಳೆಲ್ಲ ಇಳಿದವು. ಆದರೂ ಹೆಚ್ಚೇ.

ಮಹಾದೇವಮ್ಮ ಸೆರಗು ಹೊದ್ದುಕೊಂಡು, ಒಂದೊಂದೇ ಹೆಜ್ಜೆ ಇಟ್ಟು ಕಾಂಟಾದಿಂದ ಕೆಳಗಿಳಿದಳು. ಅಂಕಿ ಸರ್ರನೆ ಇಳಿದು, ಬ್ಯಾಗುಗಳನ್ನೂ ಮೇಲಿಟ್ಟುಕೊಳ್ಳುವಷ್ಟು ಜಾಗ ಮಾಡಿ ನಿಂತಿತು. ಎಲ್ಲರಿಗೂ ಅದು ಕಂಡಿತು.

"ಆತಲ್ಲ! ಬರೋಬರಿ ಆತು ನೋಡು. ನೀವ್ ಹೋಗ್ರಿ, ನಾ ಮನಿ ನೋಡ್ಕೊಂಡ್ ಇರ್ತೀನಿ" ಎಂದು ಮಹಾದೇವಮ್ಮ ನಕ್ಕಳು. ಆ ನಗು ನೋಡಿ ರಾಜೇಶ್ವರಿಗೆ ಅಳು ಬಂತು, ಸಿಟ್ಟೂ ಬಂತು. ಇವಳು ಹೀಗೆ ಸರಿದು ನಿಂತು ನಿಂತು ನಾವೆಲ್ಲ ಮುಂದೆ ಹೋದೆವಲ್ಲ, ಒಬ್ಬರಾದರೂ ಒಂದು ದಿನ ಹಿಂದೆ ತಿರುಗಿ ಕೈ ಹಿಡಿದೆವಾ ಎಂದು ತನ್ನ ಮೇಲೆಯೇ ಸಿಟ್ಟು ಬಂತು.

ಹಿಂದಿನಿಂದ ಶರಣಕುಮಾರ ಕೂಗಿದ. "ಅಕ್ಕಾರ, ನಂದೂ ಜರಾ ಓವರ್‌ಲೋಡ್ ಆಗಿರಬೇಕು. ಹೆಂಗ ಮಾಡ್ಲಿ?"

"ಹೆಂಗ ಮಾಡ್ತಿ? ಅರ್ಧ ಇಳಿಸು, ಎರಡು ಖೇಪು ಮಾಡು, ಎರಡು ಸಲ ಬಂದು ಒಯ್ಯಿ. ಮಾಲು ಹೊಲದಾಗ ಒಗೆದು ಹೋಗ್ತಿಯೇನು?" ಎಂದು ರೂಢಿಯಂತೆ ಗದರಿದವಳು ಅಲ್ಲಿಗೇ ಗಕ್ಕನೆ ನಿಂತಳು. ಆಮೇಲೆ ಹಣೆ ಚಚ್ಚಿಕೊಂಡಳು. "ಥೂ ನನ್ನ ತಲಿಗಿಷ್ಟು! ಹಗಲೆಲ್ಲ ಮಂದಿಗೆ ಹೇಳ್ತೀನಿ, ನನಗ ಹೊಳೀಲಿಲ್ಲ! ಭಾಗ್ಯಾ, ಹಚ್ಚು ಫೋನು. ಆ ವಿಮಾನ ದಿನಾ ಎಷ್ಟು ಸಲ ಹಾರ್ತದ ಕೇಳು."

ಭಾಗ್ಯಶ್ರೀ ಅಲ್ಲೇ ನಿಂತು ಮಾತಾಡಿದಳು. ಮುಂಜಾನೆ ಒಮ್ಮೆ, ಮಧ್ಯಾಹ್ನ ಒಮ್ಮೆ. ಎರಡರಲ್ಲೂ ಜಾಗ ಇದೆ. ಯಾವುದರಲ್ಲಿ ಯಾರು, ತೂಕವೆಷ್ಟು ಎಂದು ಈಗಲೇ ಹೇಳಿದರೆ ಹಿಡಿದಿಡುತ್ತಾರೆ.

"ಬೇಷಾತು" ಎಂದಳು ಮಹಾದೇವಮ್ಮ. ದನಿಯಲ್ಲಿ ಜೀವ ಬಂದಿತ್ತು. "ನೀವ್ ಮೂರೂ ಮಂದಿ ಮುಂಜಾನೆ ಹೋಗ್ರಿ. ನಾ ಹಿಂದಿಂದ ಬರ್ತೀನಿ."

"ಇಲ್ಲ" ಎಂದಳು ರಾಜೇಶ್ವರಿ. "ಮುಂಜಾನೆದ್ದಕ್ಕ ನೀನೂ ನಾನೂ. ಇವರಿಬ್ಬರು ಹಿಂದಿಂದ ಬರಲಿ. ಅವತ್ತಿನ ದಿನ ಆ ದ್ವೀಪದ ಮ್ಯಾಲ ಮೊದಲು ಬೀಳೋ ಕಾಲು ನಿಂದೇ ಇರಬೇಕು. ಇದರಾಗ ನಾ ನಿನ್ನ ಮಾತು ಕೇಳಂಗಿಲ್ಲ."

"ನಾವ್ ರೊಟ್ಟಿ ಹೊತ್ಕೊಂಡ್ ಬರ್ತೀವಿ ಅಕ್ಕಾ, ನೀವ್ ಮುಂದ ನಡೀರಿ" ಎಂದು ಹುಸ್ನಾ ಗಂಟು ಎತ್ತಿ ಬಗಲಿಗೇರಿಸಿದಳು.

ಮಹಾದೇವಮ್ಮನ ಕಣ್ಣು ತುಂಬಿತ್ತು, ಒರೆಸಿಕೊಳ್ಳಲಿಲ್ಲ. ರಾಜೇಶ್ವರಿ ಕೈಚಾಚಿದಳು. "ಬಾ, ಇಬ್ಬರೂ ಕೂಡೇ ನಿಂದರೋಣು."

"ಬ್ಯಾಡ. ನೀ ಕಿಟಕಿ ಕಡೆ ಹೋಗು" ಎಂದಳು ಮಹಾದೇವಮ್ಮ. ಚಪ್ಪಲಿ ಬಿಟ್ಟು ಒಬ್ಬಳೇ ಕಾಂಟಾ ಹತ್ತಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಸರಿ ನಡುವೆ ಹೋಗಿ ನಿಂತಳು. ಶರಣಕುಮಾರ ಇಂಜಿನ್ನು ಆರಿಸಿದ.

ಫಲಕದ ಅಂಕಿ ನೋಡಿದ ರಾಜೇಶ್ವರಿ ಮೆಲ್ಲಗೆ, ಭಾಗ್ಯಶ್ರೀಗೆ ಮಾತ್ರ ಕೇಳಿಸುವಂತೆ ಹೇಳಹೊರಟಳು.

"ಪಿಸಪಿಸ ಯಾಕ?" ಕಾಂಟಾದ ನಡುವಿನಿಂದ ಅಕ್ಕ ಕೇಳಿದಳು. "ಜೋರಾಗಿ ಹೇಳು, ಲಾರಿದು ಹೇಳ್ತಿಯಲ್ಲ ಹಂಗ."

ರಾಜೇಶ್ವರಿ ದಾರಿಯ ಆಚೆಗೂ ಕೇಳುವಂತೆ ಕೂಗಿ ಹೇಳಿದಳು. ಯಾರೂ ನಗಲಿಲ್ಲ.

"ಅಷ್ಟೇ ಏನು?" ಎಂದಳು ಮಹಾದೇವಮ್ಮ. "ಬರ್ಕೋ ಭಾಗ್ಯಾ. ಮೊದಲನೇ ಖೇಪಿನಾಗ ಬರ್ಕೋ."