ಕುರಿಗಳ ಮುಂದೆ ನಡೆದ ಹೋತ

ಕಸಾಯಿಖಾನೆಯ ಹೋತಕ್ಕೆ ಮೇಷ್ಟ್ರು ಅಂತ ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಯಾರೇ ಇಟ್ಟಿರಲಿ, ಸ್ಕೂಲಿನಲ್ಲಿ ಚೆನ್ನಾಗಿ ಪೆಟ್ಟು ತಿಂದವರೇ ಇರಬೇಕು. ಉದ್ದ ಗಡ್ಡ, ಅರೆಮುಚ್ಚಿದ ಕಣ್ಣು, ಯಾರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದ ನಡಿಗೆ. ಲಾರಿಯಿಂದ ಇಳಿದ ಕುರಿಗಳು ಅಂಗಳದಲ್ಲಿ ಒಂದರ ಬಾಲಕ್ಕೆ ಇನ್ನೊಂದು ಮೂತಿಯಿಟ್ಟು ನಿಂತುಬಿಡುತ್ತಿದ್ದವು. ಹೊಡೆದರೂ ಹೋಗವು, ಎಳೆದರೂ ಹೋಗವು. ಆಗ ಮೇಷ್ಟ್ರು ಬರಬೇಕು. ಅವುಗಳ ನಡುವೆ ಒಂದು ಸುತ್ತು ಹಾಕಿ, ಕೆಮ್ಮಿದ ಹಾಗೆ ಒಂದು ಸದ್ದು ಮಾಡಿ, ಎರಡು ಗೋಡೆಗಳ ನಡುವಿನ ಓಣಿಗೆ ಇಳಿದರೆ ಸಾಕು, ಇಡೀ ಮಂದೆ ಹಿಂದೆ. ಓಣಿಯ ಕೊನೆಯಲ್ಲಿ ಎಡಕ್ಕೆ ಒಂದು ದಿಡ್ಡಿ ಬಾಗಿಲಿತ್ತು. ಮೇಷ್ಟ್ರು ಅದರೊಳಗೆ ನುಸುಳಿದ ಕೂಡಲೇ ಬಾಗಿಲು ಮುಚ್ಚುತ್ತಿತ್ತು. ಕುರಿಗಳು ನೇರಕ್ಕೆ ಹೋಗುತ್ತಿದ್ದವು. ನೇರಕ್ಕೆ ಹೋದವು ಆಚೆ ಬರುತ್ತಿದ್ದದ್ದು ಕೊಕ್ಕೆಗೆ ನೇತುಬಿದ್ದು.

ಆ ದಿಡ್ಡಿಯ ಹಿಂದೆ ಉಪ್ಪಕ್ಕ ನಿಂತಿರುತ್ತಿದ್ದಳು. ಏಪ್ರನ್ನಿನ ಜೇಬಿನಲ್ಲಿ ಸದಾ ಕಲ್ಲುಪ್ಪು ಇರುತ್ತಿದ್ದುದರಿಂದ ಆ ಹೆಸರು. ಮರಿಯಾಗಿದ್ದಾಗಲೇ ಮೇಷ್ಟ್ರನ್ನು ಪಳಗಿಸಿದವಳು ಅವಳು. ಅಂಗಳದಲ್ಲಿ ದೂರದಿಂದ ಉಪ್ಪಿನ ಮುಷ್ಟಿ ಎತ್ತಿ ತೋರಿಸುವುದು, ಓಡಿಹೋಗಿ ದಿಡ್ಡಿಯ ಹಿಂದೆ ನಿಲ್ಲುವುದು, ಕೆಲಸ ಮುಗಿಸಿ ಬಂದ ಮೇಲಷ್ಟೇ ಮುಷ್ಟಿ ಬಿಚ್ಚುವುದು. ಮೊದಲೇ ಕೊಟ್ಟರೆ ಪ್ರಾಣಿ ಕೆಡುತ್ತದೆ ಅನ್ನುವುದು ಅವಳ ಲೆಕ್ಕ. ಒಂದು ಸಲವೂ ತಪ್ಪಿಸಿದವಳಲ್ಲ. ಅದರ ಬಗ್ಗೆ ಅವಳಿಗೆ ಜಂಬವೂ ಇತ್ತು, ಇಲ್ಲ ಅನ್ನಬಾರದು.

ಅವಳೇನು ಮಾಂಸ ಮುಟ್ಟದವಳಲ್ಲ. ಕುರಿಗಳ ಮೇಲೆ ಅವಳಿಗೆ ಮರುಕವೂ ಇರಲಿಲ್ಲ. ತಿನ್ನುವ ಬಾಯಿ ಇದ್ದ ಮೇಲೆ ಕೊಯ್ಯುವ ಕೈಯೂ ಇರಬೇಕಲ್ಲ. ಆದರೆ ಮೇಷ್ಟ್ರು ಬೇರೆ. ಮೇಷ್ಟ್ರು ಸಹೋದ್ಯೋಗಿ. ಗಂಡ ತೀರಿಕೊಂಡ ಮೇಲೆ ಅವಳು ದಿನದಲ್ಲಿ ಅತಿ ಹೆಚ್ಚು ಮಾತಾಡುತ್ತಿದ್ದದ್ದು ಅದರ ಜೊತೆಗೇ, ಅದು ಎದುರು ಮಾತಾಡುತ್ತಿರಲಿಲ್ಲ ಅನ್ನುವುದೊಂದು ಹೆಚ್ಚಿನ ಸುಖ.

ಕಸಾಯಿಖಾನೆಯ ಮೇಲ್ವಿಚಾರಕ ಅವಳ ಅಕ್ಕನ ಗಂಡ. ಓಣಿ ಹೊಸದಾಗುತ್ತದೆ, ಕುರಿಗಳನ್ನು ಹಿಂದಿನಿಂದ ತಳ್ಳುವ, ಬಾಗಿಲಿನಂಥ ಕಬ್ಬಿಣದ ಪಡಿ ಇರುತ್ತದೆ, ಇನ್ನು ಮುಂದೆ ಮೇಷ್ಟ್ರು ಬೇಕಾಗಿಲ್ಲ ಅಂತ ಭಾವ ಹೇಳಿದ ದಿನ ಅವಳು ನೇರವಾಗಿ ಕೇಳಿದಳು.

"ಹಾಗಾದ್ರೆ ಅದನ್ನ ನಾನು ಮನೆಗೆ ಕರ್ಕೊಂಡು ಹೋಗ್ತೀನಿ, ಭಾವ."

"ಒಳಗೆ ಬಂದ ಪ್ರಾಣಿ ಜೀವಂತ ಆಚೆ ಹೋಗೋ ಹಾಗಿಲ್ಲಮ್ಮ. ರೋಗ ಗೀಗ ಹರಡುತ್ತೆ ಅಂತ ನಿಯಮ. ನಿಂಗೊತ್ತಿಲ್ವಾ?"

"ವಯಸ್ಸಾದ್ಮೇಲೆ ಬಿಟ್ಟುಕೊಡ್ತೀನಿ ಅಂತ ಮಾತು ಕೊಟ್ಟಿದ್ರಿ."

ಭಾವ ತಲೆ ಕೆರೆದುಕೊಂಡ. ಮಾತು ಕೊಟ್ಟಿದ್ದ, ನಿಜ. ಮರಿಯ ಮುಂದೆ ಕೊಟ್ಟ ಮಾತು ಹೋತವಾಗುವ ತನಕ ಬದುಕಿರುತ್ತದೆ ಅಂತ ಅವನಿಗೇನು ಗೊತ್ತು?

ಅವಳು ಡಾಕ್ಟರಮ್ಮನ ಹತ್ತಿರ ಹೋದಳು. ಬಂದ ಪ್ರಾಣಿಗಳ ನಾಲಿಗೆ, ಗೊರಸು ನೋಡಿ ಬಿಡುವವರು ಇವರೇ; ಮಾತು ಶುರುಮಾಡಿದರೆ ನಿಲ್ಲಿಸುವುದು ಕಷ್ಟ. ಮೇಷ್ಟ್ರ ಬಾಯಿ ಬಿಡಿಸಿ ಟಾರ್ಚ್ ಹಾಕುತ್ತಾ, "ಇದಕ್ಕೆ ಯಾವ ಕಾಯಿಲೇನೂ ಇಲ್ಲ. ಉಪ್ಪಿನ ಚಟ ಒಂದು ಬಿಟ್ರೆ," ಎಂದರು. "ಆ ಚಟ ಹಳೇದು ಬಿಡಿ. ಹತ್ತು ಸಾವಿರ ವರ್ಷದ ಹಿಂದೆ ಮಾಂಸ ಅಂದ್ರೆ ಬೇಟೆ ಸಿಕ್ಕಿದ ದಿನ ಊಟ, ಸಿಗದಿದ್ದ ದಿನ ಉಪವಾಸ. ಆಗ ಕಾಡುಮೇಕೆ ಮನುಷ್ಯರ ವಾಸದ ಹತ್ರ ಬರೋಕೆ ಶುರುಮಾಡ್ತು. ಮನುಷ್ಯ ಉಚ್ಚೆ ಹೊಯ್ದ ಜಾಗದಲ್ಲಿ ಉಪ್ಪಿರುತ್ತಲ್ಲ, ಅದನ್ನ ನೆಕ್ಕೋಕೆ ಬಂದಿರಬಹುದು ಅಂತ ಒಂದು ಊಹೆ. ನೆಕ್ಕೋಕೆ ಬಂದಿದ್ದು ನಿಂತ್ಕೊಳ್ತು. ನಿಂತಿದ್ದು ಮರಿ ಹಾಕ್ತು. ಊಟ ಹಿತ್ತಲಲ್ಲೇ ಬೆಳೀತು."

"ಅಂದ್ರೆ ನಾವು ಹಿಡ್ಕೊಂಡು ಬಂದಿದ್ದಲ್ಲ?"

"ಹಿಡಿದೂ ಇರ್ತೀವಿ. ಆದ್ರೆ ಹೆದರಿದ್ದನ್ನ ಬೇಟೆಯಾಡಿ ತಿಂದ್ವಿ, ಹೆದರದೇ ಇದ್ದಿದ್ದನ್ನ ಸಾಕಿ ತಿಂದ್ವಿ. ಅಷ್ಟೇ ವ್ಯತ್ಯಾಸ." ಟಾರ್ಚ್ ಆರಿಸಿದರು. "ನನ್ನ ಕಡೆಯಿಂದ ಅಡ್ಡಿ ಇಲ್ಲ. ನಿಮ್ಮ ಭಾವನ್ನ ಒಪ್ಪಿಸಿ."

ಸಾಕಿ ತಿಂದ ಆ ಮಾತು ಉಪ್ಪಕ್ಕನಿಗೆ ಹಿಡಿಸಲಿಲ್ಲ. ಕಾಯಿಲೆ ಕೇಳಿದರೆ ಕಥೆ ಹೇಳುತ್ತಾರೆ ಅಂತ ಗೊಣಗಿಕೊಂಡೇ ಬಂದಳು. ಭಾವನನ್ನು ಒಪ್ಪಿಸುವ ಕೆಲಸ ಅಕ್ಕ ಮಾಡಿದಳು. ಏನು ಹೇಳಿದಳೋ, ಎಷ್ಟು ಕಣ್ಣೀರು ಹಾಕಿದಳೋ. ಕೊನೆಗೆ ಭಾವ, "ಹೊಸ ಓಣಿ ಶುರುವಾಗೋ ದಿನ, ಮೊದಲನೇ ಲಾರಿ ಬರೋಕೆ ಮುಂಚೆ ಕರ್ಕೊಂಡು ಹೋಗ್ಬಿಡು. ನಾನು ನೋಡಿಲ್ಲ, ಗೇಟಿನವನೂ ನೋಡಿಲ್ಲ," ಎಂದ. ಉಪ್ಪಕ್ಕ ಹಿತ್ತಲು ಗುಡಿಸಿ, ಹಳೇ ಟಿನ್ ಶೀಟು ಕಟ್ಟಿ ನೆರಳು ಮಾಡಿದಳು. ಪಕ್ಕದ ಮನೆಯವರಿಗೆ, ಇನ್ಮೇಲೆ ನಮ್ಮನೇಲಿ ಒಬ್ಬರು ಗಂಡಸರು ಇರ್ತಾರೆ ಅಂತ ತಮಾಷೆ ಮಾಡಿದಳು. ಬಹಳ ದಿನದ ಮೇಲೆ ಅವಳು ನಗುತ್ತಿದ್ದದ್ದನ್ನು ಅವರು ನೋಡಿದ್ದು.

ಹೊಸ ಓಣಿ ಶುರುವಾಗುವ ಹಿಂದಿನ ಸಂಜೆ ಗಾರೆಯವರು ದಿಡ್ಡಿ ಬಾಗಿಲು ಕಿತ್ತು ಗೋಡೆ ಕಟ್ಟಿ ಹೋಗಿದ್ದರು. ಬೆಳಿಗ್ಗೆ ಅವಳು ಕೊಟ್ಟಿಗೆಯಿಂದ ಮೇಷ್ಟ್ರನ್ನು ಕರೆದುಕೊಂಡು ಗೇಟಿನವರೆಗೆ ಬಂದಳು. ಗೇಟಿನವನು ಒಂದು ಹಗ್ಗ ಚಾಚಿದ.

"ಕಟ್ಕೊಳ್ಳಕ್ಕ. ಬೀದಿ ಕಂಡಿಲ್ಲ ಅದು, ಬೆದರಬಹುದು."

"ಹುಟ್ಟಿದಾಗಿಂದ ಹಗ್ಗ ಕಂಡಿಲ್ಲ ಅದು. ನಾನು ಕರೆದ್ರೆ ಬರುತ್ತೆ," ಎಂದಳು. ಜಂಬದ ಮಾತೇ. ಆ ಹಗ್ಗವನ್ನು ಆಗ ಈಸಿಕೊಂಡಿದ್ದರೆ ಈ ಕಥೆ ಹೇಳುವ ಗ್ರಹಚಾರ ನನಗೂ ಇರುತ್ತಿರಲಿಲ್ಲ.

ಗೇಟಿನ ಹೊಸ್ತಿಲಲ್ಲಿ ಮೇಷ್ಟ್ರು ನಿಂತುಬಿಟ್ಟಿತು. ಬೀದಿಯ ಟಾರು, ಸೈಕಲ್ಲು, ಬೇಕರಿಯ ಹೊಗೆ, ಎಲ್ಲ ಹೊಸದು. ಅಷ್ಟರಲ್ಲಿ ಬೇಗನೇ ಬಂದಿದ್ದ ಮೊದಲನೇ ಲಾರಿ ಅವರನ್ನು ದಾಟಿ ಒಳಗೆ ಹೋಯಿತು. ಹಿಂದಿನ ಹಲಗೆ ಧಡಾರನೆ ಬಿತ್ತು, ಕುರಿಗಳು ಇಳಿಯತೊಡಗಿದವು. ಮೇಷ್ಟ್ರ ಕಿವಿ ನೆಟ್ಟಗಾದವು. ಉಪ್ಪಕ್ಕ ಬೀದಿಯ ಕಡೆಗೆ ನಾಲ್ಕು ಹೆಜ್ಜೆ ಓಡಿ, ತಿರುಗಿ, ಜೇಬಿಗೆ ಕೈಹಾಕಿ, ಮುಷ್ಟಿ ಎತ್ತಿ ತೋರಿಸಿದಳು.

ಎತ್ತಿದ ಮೇಲೆ ಗೊತ್ತಾಯಿತು.

ಮೇಷ್ಟ್ರು ಮುಷ್ಟಿಯನ್ನು ನೋಡಿತು. ಕೆಲಸಕ್ಕೆ ಅಪ್ಪಣೆಯಾಯಿತು. ತಿರುಗಿ ಅಂಗಳಕ್ಕೆ ಹೋಗಿ, ಕುರಿಗಳ ನಡುವೆ ಒಂದು ಸುತ್ತು ಹಾಕಿ, ಕೆಮ್ಮಿ, ಓಣಿಗೆ ಇಳಿಯಿತು. "ಬೇಡ, ಬಾರೋ, ಬೇಡ" ಎಂದು ಕೂಗುತ್ತಾ ಅವಳು ಓಡಿದಳು. ಇಂಥ ಮಾತು ಅದಕ್ಕೆ ಯಾರೂ ಕಲಿಸಿರಲಿಲ್ಲ. ಅವಳು ಮುಟ್ಟುವಷ್ಟರಲ್ಲಿ ಓಣಿ ತುಂಬ ಕುರಿಗಳ ಬೆನ್ನು. ಗೋಡೆಯ ಮೇಲಿಂದ ಬಗ್ಗಿ ನೋಡಿದಳು. ಓಣಿಯ ಕೊನೆಗೆ ಹೋದ ಮೇಷ್ಟ್ರು ಎಡಕ್ಕೆ ತಿರುಗಿ, ಇನ್ನೂ ಹಸಿಯಿದ್ದ ಸಿಮೆಂಟಿಗೆ ಮೂತಿಯಿಟ್ಟು, ಬಾಗಿಲು ತೆರೆಯುತ್ತದೆ ಅಂತ ಕಾಯುತ್ತಾ ನಿಂತಿತ್ತು. ಹಿಂದಿನಿಂದ ಪಡಿ ತಳ್ಳಿತು. ಒಳಗಿದ್ದವರು ಯಂತ್ರದ ಜೊತೆ ಬಂದ ಹೊಸಬರು. ಅವರಿಗೆ ಮೇಷ್ಟ್ರು ಯಾರು, ಮಂದೆ ಯಾವುದು.

ಭಾವ ಬಂದು ಅವಳ ಪಕ್ಕ ನಿಂತ. ಅವನಿಗೂ ನೋವಾಗಿತ್ತು, ಮುಖದಲ್ಲೇ ಕಾಣುತ್ತಿತ್ತು. ಆದರೂ ಸುಮ್ಮನಿರಲಾರದೆ, "ನಾನಂತೂ ಬಿಟ್ಟುಕೊಟ್ಟಿದ್ದೆ, ನೋಡು. ಯಾರೂ ಎಳ್ಕೊಂಡು ಹೋಗಿಲ್ಲ. ಅದಾಗೇ ಹೋಯ್ತು," ಎಂದ.

"ಅದಾಗೇ ಎಲ್ಲಿ ಹೋಯ್ತು ಭಾವ," ಎಂದಳು ಉಪ್ಪಕ್ಕ. "ನಾನು ಕಳಿಸಿದೆ."

ಮಧ್ಯಾಹ್ನದ ಲಾರಿಯ ಹೊತ್ತಿಗೆ ಪಡಿ ಅರ್ಧಕ್ಕೆ ಸಿಕ್ಕಿಕೊಂಡು ನಿಂತಿತು. ರಿಪೇರಿಯವನು ಬರುವುದು ಮರುದಿನ. ಕುರಿಗಳು ಅಂಗಳದಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತವು, ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಒಳಗೆ ಕೊಕ್ಕೆಗಳು ಖಾಲಿ ಓಡುತ್ತಿದ್ದವು. ಅಂಗಡಿಗಳವರು ಹೊರಗೆ ಕಾಯುತ್ತಿದ್ದರು, ಅವರ ಹಿಂದೆ ಸಂಜೆಯ ಅಡುಗೆಗೆ ಕಾಯುವ ಇಡೀ ಊರು.

ಭಾವ ಅವಳ ಹತ್ತಿರ ಬಂದು ನೆಲ ನೋಡುತ್ತಾ ಮಾತಾಡಿದ. "ನಿನ್ನ ಮೈಯಲ್ಲಿ ಅದರ ವಾಸನೆ ಇದೆ. ನೀನು ಮುಂದೆ ನಡೆದ್ರೆ ಅವು ಬರಬಹುದು. ಕೊನೇಲಿ ನಿನ್ನ ಗೋಡೆ ಮೇಲಕ್ಕೆ ಎಳ್ಕೊಳ್ಳೋಕೆ ನಾನೇ ನಿಂತಿರ್ತೀನಿ. ಇದೊಂದು ಸಲ."

ಬೈಯುತ್ತಾಳೆ ಅಂತ ಎಲ್ಲರೂ ಕಾದರು. ಅವಳು ಬೈಯಲಿಲ್ಲ. ನಾಳೆಯೂ ಈ ಗೇಟಿನೊಳಗೆ ಬರಬೇಕಾದವಳು. ಏಪ್ರನ್ ಬಿಗಿದುಕೊಂಡು ಕುರಿಗಳ ನಡುವೆ ಒಂದು ಸುತ್ತು ಹಾಕಿ, ಓಣಿಗೆ ಇಳಿದಳು. ಹಿಂದೆ ತಿರುಗಿ ನೋಡಲಿಲ್ಲ. ನೋಡಿದರೆ ಅವು ನಿಲ್ಲುತ್ತವೆ ಅಂತ ಅವಳಿಗೆ ಗೊತ್ತಿತ್ತು.

ಮೊದಲು ಒಂದರ ಗೊರಸಿನ ಸದ್ದು ಕೇಳಿಸಿತು. ಆಮೇಲೆ ಎಲ್ಲದರದ್ದೂ.