ಹಳೆಯದು ಹಾಡುತ್ತಿತ್ತು

ನಮ್ಮ ಮನೆಯಲ್ಲಿ ಜಗಳ ನಡೆಯುತ್ತಿದ್ದದ್ದು ಆಸ್ತಿಗಲ್ಲ, ಟೀವಿ ರಿಮೋಟಿಗೂ ಅಲ್ಲ. ಕೆಳಗಿನ ಅಂಗಡಿಯ ಕಂಪ್ಯೂಟರಿನಲ್ಲಿ ಹಳೇ ಆಪರೇಟಿಂಗ್ ಸಿಸ್ಟಂ ಇರಬೇಕೋ, ಹೊಸದು ಬರಬೇಕೋ ಅನ್ನುವುದಕ್ಕೆ. ಹಳೆಯದರ ಪಕ್ಷ ಅಪ್ಪ. ಹೊಸದರ ಪಕ್ಷ ಅಣ್ಣ. ನಾನು ನ್ಯಾಯಾಧೀಶೆ. ಅಮ್ಮ ಯಾವ ಪಕ್ಷವೂ ಅಲ್ಲ. "ಎರಡನ್ನೂ ಗುಜರಿಗೆ ಹಾಕಿ, ನನಗೊಂದು ಮಿಕ್ಸಿ ತನ್ನಿ" ಅನ್ನುವುದಷ್ಟೇ ಅವಳ ವಾದ.

ಅಂಗಡಿ ಅಪ್ಪನದು, ಜಾಗ ಬಾಡಿಗೆಯದು. ಟೈಪಿಂಗ್, ಪ್ರಿಂಟ್, ಜೆರಾಕ್ಸ್. ಪಾರ್ಶ್ವವಾಯು ಹೊಡೆದು ಎಡಗೈ, ಎಡಗಾಲು ಬಿದ್ದುಹೋದ ಮೇಲೆ ಅವರು ಮಹಡಿಯ ಹಿಂದಿನ ಕೋಣೆಯಲ್ಲಿ ಮಂಚ ಹಿಡಿದರು. ಪುಣ್ಯಕ್ಕೆ ಅದು ನಾಲಿಗೆಯ ತಂಟೆಗೆ ಹೋಗಿರಲಿಲ್ಲ. ಅಂಗಡಿಯನ್ನು ಅಣ್ಣ ನೋಡಿಕೊಳ್ಳತೊಡಗಿದ.

ಅಪ್ಪನ ಕೋಣೆಯ ಕಿಟಕಿ ಇರುವುದು ಹಿತ್ತಲ ಕಡೆಗೆ. ಬೀದಿ ಕಾಣುವುದಿಲ್ಲ. ಬೆಳಿಗ್ಗೆ ಸಾಲು ಅಂಗಡಿಗಳ ಶಟರುಗಳೆಲ್ಲ ಒಟ್ಟಿಗೇ ಗಡಗಡ ಎನ್ನುವಾಗ ನಮ್ಮದು ಯಾವುದು, ಪಕ್ಕದ ಔಷಧಿ ಅಂಗಡಿಯದು ಯಾವುದು ಅಂತ ಬ್ರಹ್ಮನಿಗೂ ತಿಳಿಯದು. ಆದರೆ ಕಂಪ್ಯೂಟರು ಶುರುವಾಗುವಾಗ ಒಂದು ಪುಟ್ಟ ರಾಗ ಹಾಡುತ್ತಿತ್ತು. ಓಡಾಡುತ್ತಿದ್ದ ಕಾಲದಲ್ಲಿ ಅಪ್ಪ ಅದಕ್ಕೆ ಎರಡು ಗಡವನಂಥ ದೊಡ್ಡ ಸ್ಪೀಕರು ಜೋಡಿಸಿದ್ದರು. ಹಾಗಾಗಿ ಆ ರಾಗ ನೆಲ ತೂರಿಕೊಂಡು ಬಂದು ಅಪ್ಪನ ಮಂಚದ ಕಾಲನ್ನು ಮುಟ್ಟುತ್ತಿತ್ತು. ಅದು ಕೇಳಿದ ಮೇಲೆಯೇ ಅವರು ಕಾಫಿ ಲೋಟಕ್ಕೆ ಕೈ ಚಾಚುತ್ತಿದ್ದರು.

"ಅಂಗಡಿ ಬಾಯಿ ತೆರೀಲಿ, ಆಮೇಲೆ ನಾನು."

ಸಂಜೆ ಆಫ್ ಮಾಡುವಾಗ ಇನ್ನೊಂದು ರಾಗ, ಮೆಟ್ಟಿಲಿಳಿದು ಹೋದಂತೆ ತಗ್ಗುತ್ತಾ ಹೋಗುವಂಥದ್ದು. ಅದಾಗಿ ಸ್ವಲ್ಪ ಹೊತ್ತಿಗೆ ಅಣ್ಣ ಮೇಲೆ ಬರುತ್ತಿದ್ದ. "ಇವತ್ತು ಯಾರ್ಯಾರು ಬಂದಿದ್ರು?" ಅಂತ ಅಪ್ಪ ವರದಿ ಕೇಳುತ್ತಿದ್ದರು. ವರದಿ ಮುಗಿದ ಕೂಡಲೇ ಕೋರ್ಟು ಶುರು.

"ಅಪ್ಪಾ, ಹಳೇದನ್ನ ಮಾಡಿದ ಕಂಪೆನಿಯವರೇ ಕೈ ಬಿಟ್ಟಿದ್ದಾರೆ. ವೈರಸ್ ಬಂದ್ರೆ ಕೇಳೋರಿಲ್ಲ. ಅರ್ಧ ವೆಬ್‌ಸೈಟು ತೆರೆಯಲ್ಲ. ಗಿರಾಕಿ ತಂದ ಫೈಲು ಓಪನ್ ಆಗಲ್ಲ."

"ಅವರು ಕೈ ಬಿಟ್ರು ಅಂತ ನಾವೂ ಬಿಡೋದಾ? ಹಾಗಾದ್ರೆ ನನ್ನನ್ನೂ ಬಿಡು. ನನಗೂ ಇನ್ನು ಅಪ್‌ಡೇಟ್ ಇಲ್ಲ ಅಂತ ಡಾಕ್ಟರು ಹೇಳಿಯಾಗಿದೆ."

"ಮಾತು ತಿರುಗಿಸ್ಬೇಡಿ."

"ಹಳೇದ್ರಲ್ಲಿ ಎಲ್ಲ ಇಟ್ಟಲ್ಲೇ ಇರುತ್ತೆ ಕಣೋ, ನಿಮ್ಮಮ್ಮನ ಉಪ್ಪಿನ ಡಬ್ಬಿ ಥರ. ಕಣ್ಮುಚ್ಚಿ ಕೈ ಹಾಕಿದ್ರೆ ಸಿಗುತ್ತೆ. ಹೊಸದ್ರಲ್ಲಿ ಮೂಲೇಲಿದ್ದ ಸ್ಟಾರ್ಟ್ ಬಟನ್ನು ಎದ್ದು ನಡುಮನೆಗೆ ಬಂದು ಕೂತಿದೆಯಂತೆ. ಯಾಕೆ, ಮೂಲೇಲಿ ಸೊಳ್ಳೆ ಕಚ್ತಾ?"

"ವಾಪಸ್ ಮೂಲೆಗೆ ಹಾಕ್ಬಹುದು. ಸೆಟ್ಟಿಂಗ್ ಇದೆ."

"ಮೊದಲು ತಾವೇ ಕೆಡಿಸೋದು, ಆಮೇಲೆ ಸರಿ ಮಾಡ್ಕೊಳ್ಳಿ ಅಂತ ಸೆಟ್ಟಿಂಗ್ ಕೊಡೋದು. ಭಾರೀ ಉಪಕಾರ! ಏನಂತೀರಿ, ನ್ಯಾಯಾಧೀಶ್ರೇ?"

"ತೀರ್ಪನ್ನು ಕಾಯ್ದಿರಿಸಲಾಗಿದೆ," ಅನ್ನುತ್ತಿದ್ದೆ ನಾನು, ಫೋನಿನಿಂದ ತಲೆ ಎತ್ತದೆ.

"ಲಂಚ ಬರಲಿ ಅಂತ ಕಾಯ್ತಿದ್ದಾಳೆ ಬಿಡಿ," ಅನ್ನುತ್ತಿದ್ದ ಅಣ್ಣ.

ಕೊನೆಗೆ ಒಂದು ಭಾನುವಾರ ಅವನು ಯಾರನ್ನೂ ಕೇಳದೆ ಹೊಸದನ್ನು ಹಾಕಿಯೇಬಿಟ್ಟ. ಮರುದಿನ ಬೆಳಿಗ್ಗೆ ಶಟರುಗಳು ಗಡಗಡ ಎಂದವು. ಆಮೇಲೆ ಏನೂ ಇಲ್ಲ. ಅಪ್ಪನ ಕಾಫಿಯ ಮೇಲೆ ಕೆನೆ ಕಟ್ಟಿತು.

"ಯಾಕೆ ತೆರೆದಿಲ್ಲ? ಅವನಿಗೆ ಮೈ ಹುಷಾರಿಲ್ವಾ? ಹೋಗಿ ನೋಡೇ."

ಕೆಳಗೆ ಓಡಿದೆ. ಅಣ್ಣ ಆರಾಮಾಗಿ ಟೈಪ್ ಮಾಡುತ್ತಾ ಕೂತಿದ್ದ. ಹೊಸದು ಸದ್ದಿಲ್ಲದೆ ಶುರುವಾಗಿ ಎಷ್ಟೋ ಹೊತ್ತಾಗಿತ್ತು. ಅವನು ಎದೆಯುಬ್ಬಿಸಿಕೊಂಡೇ ಮೇಲೆ ಬಂದ. "ನೋಡಿದ್ರಾ ಅಪ್ಪಾ, ಕಣ್ಣು ಮಿಟುಕಿಸೋದ್ರಲ್ಲಿ ಆನ್ ಆಯ್ತು!"

ಅಪ್ಪ ಕೆನೆ ಕಟ್ಟಿದ ಲೋಟವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಹೇಳಿದರು: "ಹಳೇದು ಬಂದೆ ಅಂತ ಹೇಳಿ ಬರ್ತಿತ್ತು, ಹೊರಟೆ ಅಂತ ಹೇಳಿ ಹೋಗ್ತಿತ್ತು. ಅದು ಮರ್ಯಾದಸ್ಥರ ಲಕ್ಷಣ. ಇದು ಬೆಕ್ಕಿನ ಜಾತಿ."

ತಮಾಷೆಯ ಮಾತೇ. ಆದರೆ ಹೇಳುವಾಗ ಅವರ ಬಲಗೈ ಮಂಚದ ಅಂಚನ್ನು ತಡವುತ್ತಿತ್ತು. ಆ ಮಂಚಕ್ಕೂ ಕೆಳಗಿನ ಅಂಗಡಿಗೂ ಇದ್ದ ದಾರಿ ಆ ರಾಗವೊಂದೇ ಅಂತ ನಮಗೆ ಹೊಳೆದದ್ದು ಆಗ. ಸಂಜೆಯೊಳಗೆ ನಾನು ಹಳೆಯ ಎರಡೂ ರಾಗಗಳನ್ನು ಫೋನಿನಲ್ಲಿ ಹುಡುಕಿ ತೆಗೆದೆ. ಅಣ್ಣ ಅವನ್ನು ಹೊಸದಕ್ಕೆ ಅಳವಡಿಸಿದ.

"ಮೈ ಹೊಸದು, ಗಂಟಲು ಹಳೇದು. ಹೋಗಲಿ," ಅಂತ ಅಪ್ಪ ರಾಜಿಯಾದರು. ಜಗಳ ಮಾತ್ರ ಮುಂದುವರಿಯಿತು. ಅದಿಲ್ಲದೆ ನಮಗೆ ಅನ್ನ ಇಳಿಯುತ್ತಿರಲಿಲ್ಲ.

ಹೊಸದು ಬಹಳ ಚುರುಕು, ಅದನ್ನು ಒಪ್ಪಲೇಬೇಕು. ಆದರೆ ಅದರ ಚುರುಕನ್ನು ನೋಡಲು ಗಿರಾಕಿಗಳೇ ಇರಲಿಲ್ಲ. ಅರ್ಜಿ ತುಂಬಿಸಲು ಬರುತ್ತಿದ್ದವರು ಫೋನಿನಲ್ಲೇ ತುಂಬತೊಡಗಿದರು. ಟಿಕೆಟ್ಟು, ಬಿಲ್ಲು, ಫಲಿತಾಂಶ, ಎಲ್ಲ ಫೋನಿನಲ್ಲೇ. ನನ್ನ ಕೈಯಲ್ಲಿದ್ದಂಥದ್ದೇ ಫೋನು. ಅಣ್ಣ ನೊಣ ಹೊಡೆಯುತ್ತಾ ಕೂತ, ಆಮೇಲೆ ಊರಾಚೆಯ ಒಂದು ಗೋದಾಮಿನಲ್ಲಿ ಕೆಲಸ ಹುಡುಕಿಕೊಂಡ. ಅಂಗಡಿ ಮುಚ್ಚುವುದು, ಕೆಳಗಿನ ಕೋಣೆಯನ್ನು ಮಾಲೀಕರು ಬಣ್ಣದ ಅಂಗಡಿಯವರಿಗೆ ಡಬ್ಬ ಇಡಲು ಕೊಡುವುದು ಎಂದು ತೀರ್ಮಾನವಾಯಿತು.

"ನಿಮ್ಮಪ್ಪನಿಗೆ ಹೇಳೋದು ಬೇಡ," ಅಂದಳು ಅಮ್ಮ. "ಇನ್ನೊಂದು ಸಲ ಬಿದ್ರೆ ಏಳಲ್ಲ ಅಂದಿದ್ದಾರೆ ಡಾಕ್ಟರು."

ಅಪ್ಪನನ್ನು ತಪಾಸಣೆಗೆ ಕರೆದುಕೊಂಡು ಹೋದ ದಿನವೇ ಕಂಪ್ಯೂಟರು, ಪ್ರಿಂಟರು, ಗಡವ ಸ್ಪೀಕರುಗಳು ಕೊಂಡವರ ಮನೆ ಸೇರಿದವು. ವಾಪಸ್ ಬರುವಾಗ ಇಳಿದ ಶಟರು ಕಂಡು ಅಪ್ಪ ಹುಬ್ಬೇರಿಸಿದರು. "ಇವತ್ತೊಂದು ದಿನ ರಜೆ," ಅಂದೆವು.

"ನಾಳೆ ಬೆಳಿಗ್ಗೆ ಏನು ಮಾಡೋದು?" ಅಂತ ಅಡುಗೆಮನೆಯಲ್ಲಿ ಅಣ್ಣ ಪಿಸುಗುಟ್ಟಿದ. ಅವನು, ಅಮ್ಮ, ಇಬ್ಬರೂ ನನ್ನ ಫೋನು ನೋಡಿದರು.

ಬೆಳಿಗ್ಗೆ ಶಟರುಗಳು ಗಡಗಡ ಎಂದ ಮೇಲೆ ನಾನು ಕೆಳಗಿನ ಮೆಟ್ಟಿಲ ಮೇಲೆ ಮುಷ್ಟಿಯಷ್ಟು ದೊಡ್ಡ ಬ್ಲೂಟೂತ್ ಸ್ಪೀಕರು ಇಟ್ಟು ರಾಗ ಹಾಕಿದೆ. ಓಡಿ ಬಂದು ಅಪ್ಪನ ಕೋಣೆಯ ಬಾಗಿಲ ಸಂದಿಯಲ್ಲಿ ಇಣುಕಿದೆ. ಅಪ್ಪ ಒಂದು ಕ್ಷಣ ಕಿವಿಗೊಟ್ಟರು. ಲೋಟ ಎತ್ತಿಕೊಂಡರು. ಎದೆಯ ಮೇಲಿನ ಕಲ್ಲು ಇಳಿಯಿತು, ಕಾಲೇಜಿಗೆ ಓಡಿದೆ. ಮರುದಿನವೂ ಅದೇ. ಅದರ ಮರುದಿನವೂ.

ಸಂಜೆಯ ಪಾತ್ರ ಅಣ್ಣನದು. ಗೋದಾಮಿನ ಧೂಳು ತೊಳೆದುಕೊಂಡು ಮೇಲೆ ಬರುತ್ತಿದ್ದ. ಮೊದಲ ದಿನವೇ ಅಪ್ಪ ಕೇಳಿದರು, "ಯಾರ್ಯಾರು ಬಂದಿದ್ರು?"

ಅಣ್ಣನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ತಡಬಡಾಯಿಸಿ, "ಒಬ್ಬರು... ನಾಯಿ ಕಳ್ಕೊಂಡಿದ್ರು ಅಪ್ಪಾ. ಪೋಸ್ಟರ್ ಪ್ರಿಂಟ್ ಹಾಕಿಸ್ಕೊಂಡು ಹೋದ್ರು," ಅಂದ.

"ಪಾಪ. ಯಾವ ಬಣ್ಣ?"

"ಕಂದು. ಒಂದು ಕಿವಿ ಬಿಳಿ."

ಅಷ್ಟು ಸಾಕಾಯಿತು. ಮರುದಿನದಿಂದ ಅಪ್ಪ ಗಿರಾಕಿಗಳನ್ನು ಬಿಟ್ಟು ನಾಯಿಯನ್ನೇ ಹಿಡಿದರು. ಸಿಕ್ಕಿತಾ? ಪೋಸ್ಟರನ್ನ ಎಲ್ಲೆಲ್ಲಿ ಅಂಟಿಸಿದ್ದಾರಂತೆ? ಫೋಟೋ ದೊಡ್ಡದಾಗಿ ಹಾಕಿದ್ಯಾ? ಅಣ್ಣ ಕೋಣೆಯಿಂದ ಹೊರಗೆ ಬಂದು ತಲೆ ಚಚ್ಚಿಕೊಳ್ಳುತ್ತಿದ್ದ. ನಾನು ದಿಂಬಿಗೆ ಬಾಯಿಟ್ಟು ನಗುತ್ತಿದ್ದೆ. ಒಂದು ಸಂಜೆ ತಡೆಯಲಾರದೆ ಅವನು, "ಸಿಕ್ತು ಅಪ್ಪಾ! ಮಾರ್ಕೆಟ್ ಹಿಂದೆ ಮಲಗಿತ್ತಂತೆ," ಅಂದುಬಿಟ್ಟ. ಅಪ್ಪನ ಮುಖದ ಬಲಭಾಗ ಪೂರ್ತಿ ನಕ್ಕಿತು. ಎಡಭಾಗ ಅದರ ಹಿಂದೆ ಬರಲು ನೋಡಿ, ಆಗದೆ ನಿಂತಿತು.

ಆದರೆ ಕೋರ್ಟು ಮಾತ್ರ ಮಂಕಾಗುತ್ತಾ ಬಂತು. ಅಣ್ಣ ಬೇಕೆಂದೇ ಸೋಲಲು ನೋಡುತ್ತಿದ್ದ. "ನಿಮ್ಮ ಮಾತೇ ನಿಜ ಅಪ್ಪಾ. ಹೊಸದು ಇವತ್ತು ಗಿರಾಕಿ ಎದುರಿಗೇ ಅಪ್‌ಡೇಟ್ ಅಂತ ಗಿರಗಿರ ಸುತ್ತುತ್ತಾ ಕೂತುಬಿಡ್ತು."

"ಹೌದಾ," ಅನ್ನುತ್ತಿದ್ದರು ಅಪ್ಪ. ಅಷ್ಟೇ.

ಒಂದು ಸಂಜೆ, ಅಣ್ಣ ಇನ್ನೂ ಬಂದಿರಲಿಲ್ಲ. ಹಿತ್ತಲಿನ ಗೋಡೆಯ ಮೇಲೆ ಬಿಸಿಲು ಕೆಂಪಾಗಿತ್ತು. ನಾನು ಅಪ್ಪನ ಕಾಲ ಬಳಿ ಕೂತು ಬಟ್ಟೆ ಮಡಚುತ್ತಿದ್ದೆ.

"ನ್ಯಾಯಾಧೀಶ್ರೇ, ತೀರ್ಪು ಕೊಡಿ."

"ಕಾಯ್ದಿರಿಸಲಾಗಿದೆ!"

"ಕಾಯ್ದದ್ದು ಸಾಕು. ನಾನೇ ಹೇಳ್ತೀನಿ. ನಿಮ್ಮಣ್ಣ ಗೆದ್ದ. ಹೊಸದೇ ಮೇಲು."

"ಅಯ್ಯೋ, ಇದೇನಪ್ಪಾ ಪಕ್ಷಾಂತರ?"

"ಅದಕ್ಕೆ ಹೇಳದೆ ಹೋಗೋದು ಗೊತ್ತು. ಈ ಮನೆಗೆ ಅದೇ ಸರಿ."

ನನ್ನ ಕೈ ಅರ್ಧ ಮಡಚಿದ ಅಂಗಿಯ ಮೇಲೆ ನಿಂತಿತು. ಅಪ್ಪ ಕಿಟಕಿ ಕಡೆ ನೋಡುತ್ತಲೇ ಹೇಳಿದರು: "ದಿನಾ ಬೆಳಿಗ್ಗೆ ಅಂಗಡಿ ತೆರೆಯುತ್ತೆ. ಸಂಜೆ ಮುಚ್ಚೋದೇ ಇಲ್ಲ. ಮುಚ್ಚದೇ ಇರೋದನ್ನ ಮತ್ತೆ ಬೆಳಿಗ್ಗೆ ಹೇಗೆ ತೆರೀತೀರೇ?"

ಸಂಜೆಯ ರಾಗ. ನಮಗೆ ಮೂವರಿಗೂ ಅದರ ನೆನಪೇ ಆಗಿರಲಿಲ್ಲ. ಅಪ್ಪ ಕಾಫಿ ಕುಡಿದರೆ ಸಾಕು ಅಂತ ಬೆಳಗಿನದನ್ನು ಹಾಕಿ ಓಡುತ್ತಿದ್ದೆ. ಸಂಜೆಯ ಹೊತ್ತಿಗೆ ಇವರು ಇಲ್ಲಿ ಮಲಗಿ ಕಾಯುತ್ತಿದ್ದರು.

"ಯಾವಾಗ ಗೊತ್ತಾಯ್ತು ಅಪ್ಪಾ?"

"ಮೊದಲನೇ ಸಂಜೆನೇ."

"ಮತ್ತೆ ಕಾಫಿ ಯಾಕೆ ಕುಡೀತಿದ್ರಿ?"

"ಬಾಗಿಲ ಸಂದಿಯಲ್ಲಿ ನಿಂತು ನೋಡ್ತಿದ್ಯಲ್ಲ. ನಾನು ಕುಡೀದಿದ್ರೆ ನೀನು ಕಾಲೇಜಿಗೆ ಹೋಗ್ತಿದ್ಯಾ?"

ಅಂಗಿಯನ್ನು ಪಕ್ಕಕ್ಕಿಟ್ಟೆ. ತಿರುಗಿ ನೋಡಿದರೆ ಬಾಗಿಲಲ್ಲಿ ಅಣ್ಣ ನಿಂತಿದ್ದ, ಹೆಲ್ಮೆಟ್ಟು ಇನ್ನೂ ಕೈಯಲ್ಲೇ. ಅವನ ಹಿಂದೆ ಅಮ್ಮ, ಸೆರಗು ಬಾಯಿಗೊತ್ತಿಕೊಂಡು.

"ಇದ್ರೆ ಹಾಕು," ಅಂದರು ಅಪ್ಪ.

"ಏನಪ್ಪಾ?"

"ಮುಚ್ಚೋದನ್ನ."

ಫೋನು ತೆಗೆದೆ. ಎರಡೂ ರಾಗಗಳು ಒಂದರ ಕೆಳಗೊಂದು ಇದ್ದವು. ಎರಡನೆಯದನ್ನು ನಾನು ಒಂದು ಸಲವೂ ಒತ್ತಿರಲಿಲ್ಲ. ಈ ಸಲ ಮೆಟ್ಟಿಲಿಗೆ ಓಡಲಿಲ್ಲ. ಫೋನನ್ನು ಅಪ್ಪನ ಬಲಗೈ ಪಕ್ಕ, ಹೊದಿಕೆಯ ಮೇಲೆ ಇಟ್ಟು ಒತ್ತಿದೆ. ರಾಗ ಮೆಟ್ಟಿಲಿಳಿದಂತೆ ಇಳಿದು ಮುಗಿಯಿತು. ಅಪ್ಪನ ಬೆರಳುಗಳು ಹೊದಿಕೆಯ ಮೇಲೆ ಬಟನ್ನು ಒತ್ತುವಂತೆ ಒತ್ತಿ, ಎತ್ತಿಕೊಂಡವು.

"ಹ್ಞೂ," ಅಂದರು. "ಈಗ ಮುಚ್ಚಿತು."

ಅಣ್ಣ ಮಂಚದ ಪಕ್ಕ ನೆಲದ ಮೇಲೆ ಕುಸಿದು ಕೂತ. ಚಿಕ್ಕ ಹುಡುಗನ ದನಿಯಲ್ಲಿ ಹೇಳಿದ: "ಆ ನಾಯಿನೂ ಇರ್ಲಿಲ್ಲ ಅಪ್ಪಾ."

"ಗೊತ್ತು ಕಣೋ." ಅಪ್ಪ ಬಲಗೈಯನ್ನು ಅವನ ತಲೆಯ ಮೇಲಿಟ್ಟರು. "ಆದ್ರೂ ಸಿಕ್ತು ಅಂದ್ಯಲ್ಲ, ಆ ದಿನ ಒಳ್ಳೇ ನಿದ್ದೆ ಬಂತು."