ಎಡ್ವಿನ್ ಹಾರ್ಕ್ ಸತ್ತ ದಿನ

ಬೀದಿಬಾಗಿಲಿಗೆ ಸಾವಿನ ಹಾಳೆ ಅಂಟಿಸುವಾಗ ಲ್ಯೂಬೆನ್ ಚಕರೊವ್‌ಗೆ ನಗು ಬಂತು. ರೂಸೆ ಊರಲ್ಲಿ ಯಾರಾದರೂ ಸತ್ತರೆ ಬಾಗಿಲ ಮೇಲೆ ಕಾಣುವಂಥದೇ ಹಾಳೆ. ಕಪ್ಪು ಅಂಚು, ಮೇಲೊಂದು ಶಿಲುಬೆ, ಕೆಳಗೆ ಹೆಸರು. ಫೋಟೊ ಇರಬೇಕಾದ ಜಾಗದಲ್ಲಿ ಮಾತ್ರ ಒಂದು ದ್ಯೂಲ್ಯಾದ ಚಿತ್ರ, ಸೊಟ್ಟ ಸೇಬಿನಂಥ ಹಣ್ಣು.

ಕೆಳಮನೆಯ ಸ್ಟೊಯಾಂಕಾ ಅತ್ತೆ ತರಕಾರಿ ಚೀಲ ನೆಲಕ್ಕಿಟ್ಟು ಕನ್ನಡಕ ಏರಿಸಿದಳು.

“ಎಡ್ವಿನ್ ಹಾರ್ಕ್. ಯಾರಪ್ಪ ಇವನು? ನಮ್ಮ ಬಾಗಿಲಲ್ಲಿ ಬಂದು ಸಾಯೋಕೆ ಏನು ಬಂದಿತ್ತು ಇವನಿಗೆ?”

“ಪತ್ತೇದಾರಿ ಕಾದಂಬರಿ ಬರೀತಿದ್ದ ಅತ್ತೆ. ನಾನು ಅನುವಾದ ಮಾಡ್ತಿದ್ದೆ.”

“ಮೂತಿ ಹಣ್ಣಿನ ಥರ ಇತ್ತಾ?”

“ಹೆಚ್ಚುಕಮ್ಮಿ.”

“ಸಾವಿನ ಜೊತೆ ತಮಾಷೆ ಮಾಡಬಾರದು ಕಣೋ,” ಎಂದು ಅವಳು ಥೂ ಥೂ ಎಂದು ಗಾಳಿಗೆ ಉಗುಳಿ ಒಳಗೆ ಹೋದಳು.

ಹಾರ್ಕ್ ಎಂಬವನು ಹುಟ್ಟಿಯೇ ಇರಲಿಲ್ಲ. ರೂಸೆಯಲ್ಲಿ ಹೆಣ ಬಿದ್ದರೆ ಯಾರು ಕೊಂಡು ಓದುತ್ತಾರೆ, ಲಂಡನ್ನಿನಲ್ಲಿ ಬೀಳಿಸು ಎಂದಿದ್ದ ಪ್ರಕಾಶಕ. ಹಾಗಾಗಿ ಮುಖಪುಟದ ಮೇಲೆ ಹಾರ್ಕ್, ಒಳಗೆ ಸಣ್ಣ ಅಕ್ಷರದಲ್ಲಿ ‘ಅನುವಾದ: ಲ್ಯೂಬೆನ್ ಚಕರೊವ್’. ಮೂಲ ಎಲ್ಲಿದೆ ಎಂದು ಯಾರೂ ಕೇಳಲಿಲ್ಲ.

ಮೂಲ ಇದ್ದದ್ದು ಎರಡು ಬೀದಿ ಆಚೆ. ಹೆಸರು ವ್ಯಾರಾ. ಅವನ ಮೊದಲ ಕವನ ಸಂಕಲನ ಓದಿ ಮುಗಿಸಿ ಅವಳು ಅಂದಿದ್ದಳು: “ಚೆನ್ನಾಗಿದೆ. ಆದರೆ ಇದರಲ್ಲಿ ಏನೂ ಆಗೋದೇ ಇಲ್ವಲ್ಲ ಲ್ಯೂಬೆನ್. ಮುಂದೇನು ಅಂತ ಗೊತ್ತಾಗಬೇಕು ನನಗೆ.” ಆ ಚಳಿಗಾಲದಲ್ಲೇ ಅವಳು ಹಡಗುಕಟ್ಟೆಯ ಕೋಸ್ತಾನನ್ನು ಮದುವೆಯಾದಳು. ಅವಳ ಕೋಣೆಯ ಬೀರುವಿನ ಮೇಲೆ ಪ್ರತಿ ಶರತ್ಕಾಲವೂ ದ್ಯೂಲ್ಯಾ ಹಣ್ಣುಗಳ ಸಾಲು ಇರುತ್ತಿತ್ತು. ಬಟ್ಟೆಗೆ, ಕೂದಲಿಗೆ, ಅವಳು ಮಡಿಸಿಟ್ಟ ಪುಟಗಳಿಗೂ ಅದೇ ಪರಿಮಳ.

ಅವನು ಏನಾದರೂ ಆಗುವ ಪುಸ್ತಕಗಳನ್ನು ಬರೆಯಲು ಕೂತ. ಪ್ರತಿಯೊಂದರಲ್ಲೂ ಎಲ್ಲೋ ಒಂದು ಕಡೆ ಬೀರುವಿನ ಮೇಲೊಂದು ದ್ಯೂಲ್ಯಾ ಇಟ್ಟ. ಜನರಿಗೆ ಕೊಲೆಗಳು ಸಾಕಾದಾಗ ಹಾರ್ಕ್ ವಿಜ್ಞಾನ ಕಥೆಗೆ ಇಳಿದ. ಬೇರೆ ನಕ್ಷತ್ರದತ್ತ ಹೊರಟ ನೌಕೆಯಲ್ಲೂ ಕಬ್ಬಿಣದ ಬೀರುವಿನ ಮೇಲೆ ಆ ಹಣ್ಣು, ಕೊಳೆಯದೆ. ಗೊತ್ತಿರುವವಳಿಗೆ ಗೊತ್ತಾಗಬೇಕು, ಗೊತ್ತಾದರೆ ಬರಬೇಕು. ನಡುನಡುವೆ ತನ್ನದೇ ಹೆಸರಲ್ಲಿ ಕವಿತೆಗಳೂ ಬಂದವು. ವ್ಯಾರಾ ಅಂಗಡಿಯಲ್ಲಿ ಸಿಕ್ಕರೆ ನಮಸ್ಕಾರ, ಅಷ್ಟೆ. ಕಾದು ಕಾದು ಅವನಿಗೇ ಸಾಕಾಯಿತು. ಹಾರ್ಕ್‌ನನ್ನು ಮುಗಿಸಿಬಿಡೋಣ ಅನ್ನಿಸಿತು. ಈ ಹಾಳೆ ಕೊನೆಯ ಕರೆ.

ಮಧ್ಯಾಹ್ನ ಬಾಗಿಲ ಗಂಟೆ ಬಾರಿಸಿತು. ಮೆಟ್ಟಿಲ ಮೇಲೆ ವ್ಯಾರಾ. ಕತ್ತಿಗೆ ಕಪ್ಪು ವಸ್ತ್ರ, ಕೈಯಲ್ಲಿ ಆರು ಬಿಳಿ ಸೇವಂತಿಗೆ. ಅವನನ್ನು ಕಂಡದ್ದೇ ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

“ಬದುಕಿದ್ದೀಯಲ್ಲೋ!”

“ಹೌದು. ತಪ್ಪಾಯ್ತು.”

“ತಪ್ಪಾಯ್ತಂತೆ! ಆ ಹಣ್ಣು ನೋಡಿ ನೀನೇ ಹೋದೆ ಅಂದ್ಕೊಂಡೆ. ಹೂವಿನವಳ ಮುಂದೆ ಅತ್ತುಬಿಟ್ಟೆ. ತಲೆ ನೆರೆದರೂ ಕತ್ತೆ ಕತ್ತೆನೇ ನೀನು.”

“ಅಂದರೆ ಹಾರ್ಕ್ ಯಾರು ಅಂತ ಗೊತ್ತಿತ್ತು ನಿನಗೆ.”

“ಎರಡನೇ ಪುಸ್ತಕದಲ್ಲೇ ಗೊತ್ತಾಯ್ತು. ಲಂಡನ್ನಿನ ಮುದುಕಿ ಬೀರು ಮೇಲೆ ದ್ಯೂಲ್ಯಾ ಯಾಕೆ ಇಡ್ತಾಳೆ? ಕೊಲೆಗಾರ ಅಂತೂ ಅದಕ್ಕಿಂತ ಮೊದಲೇ ಸಿಕ್ಕಿದ್ದ.”

“ಮತ್ತೆ ಯಾಕೆ ಬರಲಿಲ್ಲ?”

“ನೀನೆಲ್ಲಿ ಕರೆದೆ? ಹಣ್ಣು ಇಟ್ಟೆ, ಅಷ್ಟೆ. ಒಂದು ಮಾತು ಹೇಳೋಕೆ ಅಷ್ಟೊಂದು ಹೆಣ ಬೀಳಿಸಿದೆ. ಸಾಲದು ಅಂತ ನಕ್ಷತ್ರಕ್ಕೆ ಹೋದೆ. ನಮ್ಮನೆ ಇಲ್ಲೇ ಇತ್ತು.” ಅವಳು ನಗಲು ಹೋಗಿ ನಿಲ್ಲಿಸಿದಳು. “ಆ ನಕ್ಷತ್ರದ್ದನ್ನ ಎರಡು ಸಲ ಓದಿದೆ. ಕೋಸ್ತಾನ ಹಾಸಿಗೆ ಪಕ್ಕ ಕೂತು.”

“ಕವಿತೆಗಳು?”

“ಅದರ ಮೇಲೆ ನಿನ್ನ ಹೆಸರೇ ಇತ್ತು. ತೆರೆಯೋಕೆ ಧೈರ್ಯ ಬರಲಿಲ್ಲ.”

ಅವನು ಪಕ್ಕಕ್ಕೆ ಸರಿದ. “ಒಳಗೆ ಬಾ ವ್ಯಾರಾ. ಕಾಫಿ ಇಡ್ತೀನಿ.”

ಇಷ್ಟು ವರ್ಷದಲ್ಲಿ ಅವನು ಬರೆಯದೇ ಉಳಿಸಿದ್ದ ಮಾತು ಅದೊಂದೇ.

ಅವಳು ಒಳಗೆ ನೋಡಿದಳು. ಮೇಜು, ಕುರ್ಚಿ, ಬೀರು. ಬೀರುವಿನ ಮೇಲೆ ಸ್ವಲ್ಪ ಹೊತ್ತು ಕಣ್ಣು ನಿಂತಿತು.

“ಆಗಲ್ಲ. ಕೋಸ್ತಾಗೆ ಸೂಪ್ ಕುಡಿಸೋ ಹೊತ್ತು. ಲಕ್ವ ಹೊಡೆದ ಮೇಲೆ ನನ್ನ ಕೈಯಿಂದಲ್ಲದೆ ತಿನ್ನಲ್ಲ ಅವನು.” ಆಮೇಲೆ, “ನಿನ್ನ ಹೆಸರಿರೋದು ಒಂದು ಕೊಡು,” ಎಂದಳು.

ಅವನು ತಂದುಕೊಟ್ಟ.

“ಕೊನೇಲಿ ಏನಾಗುತ್ತೆ ಇದರಲ್ಲಿ?”

“ಏನೂ ಆಗಲ್ಲ.”

“ಇರಲಿ ಬಿಡು. ಆಗದೇ ಇದ್ದದ್ದನ್ನೂ ಓದ್ತೀನಿ.”

ಹೂವಿಗೆ ಅವನು ಕೈ ಚಾಚಿದಾಗ ಅವಳು ಗಬಕ್ಕನೆ ಹಿಂದಕ್ಕೆಳೆದುಕೊಂಡಳು. “ಏಯ್, ಇರು! ಸಮ ಇದೆ, ಸತ್ತವರಿಗೆ ತಂದಿದ್ದು. ಬದುಕಿರೋರಿಗೆ ಬೆಸ ಕೊಡಬೇಕು.” ಒಂದನ್ನು ಹಿರಿದು ತೆಗೆದು ಉಳಿದದ್ದನ್ನು ಅವನ ಕೈಗಿಟ್ಟಳು. “ಈಗ ಬೆಸ ಆಯ್ತು. ತಗೋ.”

ಇಳಿದುಹೋದ ಅವಳ ಹೆಜ್ಜೆಯ ಸದ್ದು ಅಡಗುವವರೆಗೂ ನಿಂತಿದ್ದು, ತಡೆಯಲಾರದೆ ಅವನೂ ಇಳಿದ. ಬೀದಿಯಲ್ಲಿ ಅವಳಿರಲಿಲ್ಲ. ಸ್ಟೊಯಾಂಕಾ ಅತ್ತೆ ಬಾಗಿಲ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಹಾಳೆಯ ಮೇಲೆ, ಹಣ್ಣಿನ ಪಕ್ಕದಲ್ಲಿ, ಒಂದು ಬಿಳಿ ಸೇವಂತಿಗೆ ಸಿಕ್ಕಿಸಿತ್ತು.

“ನೋಡು, ನಿನ್ನ ಹಾರ್ಕ್‌ಗೂ ಯಾರೋ ಹೂ ಇಟ್ಟಿದ್ದಾರೆ,” ಎಂದಳು ಅತ್ತೆ. “ಅದೂ ಒಂದೇ ಒಂದು, ಬದುಕಿರೋನಿಗೆ ಕೊಟ್ಟ ಹಾಗೆ. ಲೆಕ್ಕಾನೂ ಬರಲ್ಲ ಈಗಿನ ಜನಕ್ಕೆ.”